ಸೇಬಿನ ಮರಕ್ಕೆ ಹದಿನೆಂಟು ಹೆಜ್ಜೆ

ಬಾಗಿಲು ತಳ್ಳಿಕೊಂಡು ಬಂದ ಗಿರಾಕಿ ಗಲ್ಲೆಯ ಹತ್ತಿರ ಬರುವಷ್ಟರಲ್ಲಿ ಅವರನ್ನು ತೂಗಿ ಮುಗಿಸಿರಬೇಕು. ಅದು ಬಾರದವನು ಅಂಗಡಿ ಇಡಬಾರದು. ಬರ್ನಡೀನ್ ಕುಬಾಸ್ಕೋಳ ತೂಕ ಹೀಗಿತ್ತು: ವಯಸ್ಸು ಐವತ್ತೇಳು. ಎತ್ತರ ಕಡಿಮೆ, ಅಗಲ ಸಾಕಷ್ಟು. ಮೂವತ್ತೊಂದು ವರ್ಷ ಶಾಲೆಯ ಬಸ್ಸಿನ ಸ್ಟೀರಿಂಗ್ ತಿರುಗಿಸಿದ ಭುಜ, ಊರಿನ ಅರ್ಧ ಗಂಡಸರ ಭುಜಕ್ಕಿಂತ ಗಟ್ಟಿ. ಬೂಟಿಗೆ ಎರಡು ಸಲ ಅಡಿ ಹಾಕಿಸಿದ್ದಾಳೆ, ಅಂದರೆ ಹೊಸದಕ್ಕೆ ಸುಲಭದಲ್ಲಿ ಮರುಳಾಗುವವಳಲ್ಲ. ಚೌಕಾಸಿ ಮಾಡುವುದಿಲ್ಲ, ಬೇಡ ಅಂದರೆ ಬೇಡ. ಮೊಂಡುತನ ಮೊದಲ ದರ್ಜೆಯದು. ಸಿಟ್ಟು ಅದಕ್ಕಿಂತ ಮೇಲು, ಕಲಬೆರಕೆಯಿಲ್ಲದ ಸರಕು, ಎಷ್ಟು ವರ್ಷ ಇಟ್ಟರೂ ಬಣ್ಣ ಬಿಡುವುದಿಲ್ಲ. ಇದ್ದದ್ದು ಒಂದೇ ಕುಂದು: ಅಂಗಡಿಯವನ ಮಾತನ್ನು ನಂಬುತ್ತಿದ್ದಳು. ಆ ಕುಂದು ಈಗಿಲ್ಲ.

ಅಂಗಡಿ ನನ್ನದು. ಬಿಲ್ಲು, ಬಾಣ, ಬೇಟೆಯ ಬೂಟು, ಚಳಿಗಾಲಕ್ಕೆ ಹಿಮ ತಳ್ಳುವ ಸಲಿಕೆ ಮಾರುತ್ತೇನೆ. ಆದರೆ ಇದು ಅವಳ ಕಥೆ. ಆದ್ದರಿಂದ ಅಂಗಡಿಯವನನ್ನು ಊರವರು ಕರೆಯುವ ಹಾಗೆ ಓರ್ವಿಲ್ ಎಂದೇ ಕರೆಯುತ್ತೇನೆ. ಬೈಯುವುದಕ್ಕೂ ಅನುಕೂಲ.

ಪೆನ್ಸಿಲ್ವೇನಿಯಾದ ಈ ಗುಡ್ಡಗಳಲ್ಲಿ ಕಲ್ಲಿದ್ದಲು ಮುಗಿದ ಮೇಲೆ ಉಳಿದದ್ದು ಎರಡೇ, ಇಗರ್ಜಿ ಮತ್ತು ಜಿಂಕೆ. ಬರ್ನಿಯ ಅಪ್ಪ ಗಣಿಯಲ್ಲಿದ್ದವನು. ಅವನೂ ಇನ್ನು ಹನ್ನೊಂದು ಜನ ಸ್ಲೋವಾಕರೂ ಸೇರಿ ಗುಡ್ಡದ ಮೇಲೆ ಮರದ ದಿಮ್ಮಿಯ ಒಂದು ಬೇಟೆಮನೆ ಕಟ್ಟಿದರು. ಹೆಂಗಸರು ಅಲ್ಲಿಗೆ ಕಾಲಿಡುತ್ತಿದ್ದದ್ದು ಎಲೆಕೋಸು ಹಾಕಿದ ಹಲುಷ್ಕಿಯ ಪಾತ್ರೆ ಇಳಿಸಿ ಹೋಗುವುದಕ್ಕೆ ಮಾತ್ರ. ಮುದುಕನಿಗೆ ಗಣಿಯ ಧೂಳಿನಿಂದ ಉಸಿರು ಕಟ್ಟಿ ಮರ ಹತ್ತಲಾಗದೆ ಹೋದಾಗ, ಬರ್ನಿ ಪಾತ್ರೆಯ ಜೊತೆ ತನ್ನ ಬಿಲ್ಲನ್ನೂ ತಂದು ಗೋಡೆಗೆ ತೂಗುಹಾಕಿದಳು. "ಅಪ್ಪನ ಪಾಲು ನಂದು. ಯಾರಿಗಾದರೂ ತಕರಾರಿದ್ರೆ ಈಗಲೇ ಹೇಳಿ, ಆಮೇಲೆ ನನ್ನ ಬಸ್ಸಿಗೆ ನಿಮ್ಮ ಮಕ್ಕಳನ್ನ ಹತ್ತಿಸ್ಬೇಕು ನೀವು" ಅಂದಳು. ಬಿಲ್ಲು ಅಲ್ಲೇ ಉಳಿಯಿತು. ಅದಾಗಿ ಇಪ್ಪತ್ತೆರಡು ವರ್ಷವಾಗಿತ್ತು.

ಅಪ್ಪನ ಪಾಲು ಅಂದರೆ ಸೇಬಿನ ಮರದ ಅಟ್ಟಣೆ. ಹಿಂದೆ ಗಣಿ ಮೇಸ್ತ್ರಿಯ ಮನೆಯಿದ್ದ ಜಾಗ ಅದು. ಮನೆ ಹೋಯಿತು, ಅಡಿಗಲ್ಲು ಉಳಿಯಿತು, ಹಿತ್ತಲಿನ ಸೇಬಿನ ಮರ ಕಾಡು ಬಿದ್ದು ಬೆಳೆಯಿತು. ಅಕ್ಟೋಬರಿನಲ್ಲಿ ಹಣ್ಣು ಉದುರಿ ಹುಳಿಯೇರಿದಾಗ ಗುಡ್ಡದ ಅಷ್ಟೂ ಜಿಂಕೆಗಳು ಅಲ್ಲಿಗೇ ಬರುತ್ತವೆ. ಎದುರಿನ ಓಕ್ ಮರದ ಮೇಲೆ ಅವಳ ಅಟ್ಟಣೆ. ಅಲ್ಲಿಂದ ಸೇಬಿನ ಬುಡಕ್ಕೆ ಅಳೆದು ಹದಿನೆಂಟು ಹೆಜ್ಜೆ.

ಬೇಟೆಮನೆಯಲ್ಲಿ ಯಾರ ಅಟ್ಟಣೆ ಅವರಿಗೆ, ಬದುಕಿರುವ ತನಕ. ಅದಕ್ಕೆ ಒಂದೇ ಒಂದು ತೊಡಕಿದೆ. ಕೈಗೆ ಸಿಕ್ಕ ಜಿಂಕೆಯನ್ನು ಗುರಿ ತಪ್ಪಿ ಬಿಟ್ಟವರು ಆ ದಿನ ತೊಟ್ಟ ಅಂಗಿಯ ಹಿಂಬದಿಯ ತುದಿಯನ್ನು ಕತ್ತರಿಸಿಕೊಡಬೇಕು. ಆ ಬಟ್ಟೆಯ ಮೇಲೆ ಹೆಸರು ಬರೆದು ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆಯುತ್ತಾರೆ. ಒಮ್ಮೆ ಹೊಡೆದ ಬಟ್ಟೆ ಮತ್ತೆ ಇಳಿಯುವುದಿಲ್ಲ. ಆ ವರ್ಷ ಅವರ ಅಟ್ಟಣೆ ಬಯಲಿಗೆ ಬೀಳುತ್ತದೆ. ಅಕ್ಟೋಬರಿನ ಒಂದು ಭಾನುವಾರ ಎಲ್ಲರೂ ಕೂತು ಬೇಕಾದವರು ಬೇಕಾದ ಜಾಗ ಕೇಳಿ ತೆಗೆದುಕೊಳ್ಳುತ್ತಾರೆ, ಅಲ್ಲಿಂದ ಮುಂದೆ ಅದು ಅವರದೇ. ಅಂಗಿ ಕತ್ತರಿಸಿಕೊಂಡವರಿಗೆ ಉಳಿದದ್ದು, ಕೊನೆಗೆ. ಬರ್ನಿಯ ಬಟ್ಟೆ ಆ ಗೋಡೆಯ ಮೇಲೆ ಇಪ್ಪತ್ತೆರಡು ವರ್ಷದಲ್ಲಿ ಒಂದೂ ಇರಲಿಲ್ಲ. ಬೇಟೆಮನೆಯ ಯಜಮಾನ ಕ್ಲೀಟಸ್ ವಾರ್ಗೊನ ಬಟ್ಟೆಗಳು ಆರಿದ್ದವು. ಅವನ ಅಳಿಯ ಟ್ರಾಯ್‌ಗೆ ಸೇಬಿನ ಮರದ ಮೇಲೆ ಕಣ್ಣಿರುವುದು ಗುಡ್ಡದ ಜಿಂಕೆಗಳಿಗೂ ಗೊತ್ತಿತ್ತು.

ಆಗಸ್ಟಿನಲ್ಲಿ ಬರ್ನಿ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಬಂದಳು. ಬಿಲ್ಲಿನ ಮೇಲೆ ಬಾಣ ಕೂರುವ ಆಸರೆ ಸವೆದಿತ್ತು. ಅವಳದು ಹಳೆಯ ನಮೂನೆ: ಬಳೆಯಂಥ ಒಂದು ಉಂಗುರ, ಒಳಗೆ ಸುತ್ತಲೂ ಬಿರುಸು ಕೂದಲು, ನಡುವೆ ಬಾಣ. ಬಿಲ್ಲನ್ನು ತಲೆಕೆಳಗು ಮಾಡಿದರೂ ಬಾಣ ಬೀಳುವುದಿಲ್ಲ.

"ಓರ್ವಿಲ್, ಇಂಥದ್ದೇ ಇನ್ನೊಂದು ಕೊಡು."

"ಇಂಥದ್ದಾ? ಇದು ಯಾವ ಕಾಲದ್ದು ಮಾರಾಯ್ತಿ! ಇದರಲ್ಲಿ ಬಾಟಲಿ ತೊಳೀಬಹುದು."

"ತೊಳಿತೀನೋ ಬಿಡ್ತೀನೋ. ಇದೆಯಾ ಇಲ್ವಾ?"

ಇತ್ತು. ಗಲ್ಲೆಯ ಕೆಳಗಿನ ಡ್ರಾಯರಿನಲ್ಲಿ ಎರಡು ಇದ್ದವು. ಆದರೆ ಗಲ್ಲೆಯ ಮೇಲೆ ಹೊಸ ನಮೂನೆಯ, ಬಾಣ ಬಿಟ್ಟೊಡನೆ ಕೆಳಗೆ ಬೀಳುವ ಆಸರೆಗಳ ಪೆಟ್ಟಿಗೆ ಇತ್ತು. ಅದರಲ್ಲಿ ಇನ್ನೂ ಆರು ಉಳಿದಿದ್ದವು, ಮತ್ತು ಲಾಭ ಇದ್ದದ್ದು ಅವುಗಳಲ್ಲಿ. ಓರ್ವಿಲ್ ಒಂದನ್ನು ತೆಗೆದು ಅಂಗೈ ಮೇಲಿಟ್ಟು, ಒಡವೆ ತೋರಿಸುವವನ ಹಾಗೆ ತೋರಿಸಿದ.

"ಇದು ನೋಡು. ಇದಕ್ಕೊಂದು ಕವೆ. ಆ ಕವೆಯಿಂದ ಒಂದು ಹುರಿ ಹೋಗಿ ಬಿಲ್ಲಿನ ತೋಳಿಗೆ ಕಟ್ಟಿರುತ್ತೆ. ಬಿಲ್ಲು ಸುಮ್ಮನಿದ್ದಾಗ ಹುರಿ ಬಿಗಿಯಾಗಿ ಕವೆನ ಕೆಳಗೆ ಮಲಗಿಸಿರುತ್ತೆ. ನೀನು ಎಳೆದೆ ಅನ್ನು, ಬಿಲ್ಲಿನ ತೋಳು ಬಾಗುತ್ತೆ, ಹುರಿ ಸಡಿಲ, ಕವೆ ಎದ್ದು ಬಾಣನ ಎತ್ತಿ ಹಿಡಿಯುತ್ತೆ. ಬಿಟ್ಟೆ ಅನ್ನು, ಹುರಿ ಜಗ್ಗಿ ಕವೆ ಪಟ್ ಅಂತ ಬೀಳುತ್ತೆ. ಬಾಣದ ಗರಿಗೆ ಏನೂ ತಾಗಲ್ಲ. ಗಾಳಿ ಬಿಟ್ರೆ ಏನೂ ಇಲ್ಲ!"

"ಬೀಳದೇ ಹೋದ್ರೆ?"

"ಯಾಕೆ ಬೀಳಲ್ಲ?"

"ನಾನು ಕೇಳಿದ್ದು, ಬೀಳದೇ ಹೋದ್ರೆ ಏನಾಗುತ್ತೆ ಅಂತ. ಗರಿ ಕವೆಗೆ ಹೊಡೆಯುತ್ತೆ. ಅಲ್ವಾ? ನನ್ನ ಬಳೆಯಲ್ಲಿ ಬೀಳೋ ವಸ್ತುವೇ ಇಲ್ಲ. ಕೈ ಮರಗಟ್ಟಿದ ಚಳಿಯಲ್ಲಿ, ಮರದ ಮೇಲೆ ಸೊಂಟ ತಿರುಚಿಕೊಂಡು ಕೂತಾಗ, ನನಗೆ ಬಾಣ ಹಿಡಿದಿರೋ ವಸ್ತು ಬೇಕು. ಬೀಳೋದಲ್ಲ."

ಸರಿಯಾಗಿ ಆರಿಸಿದ್ದಳು. ತನಗೆ ಬೇಕಾದದ್ದು ಯಾಕೆ ಬೇಕು ಎಂದು ಇಷ್ಟು ಚೆನ್ನಾಗಿ ಹೇಳುವ ಗಿರಾಕಿ ವರ್ಷಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ಒಳ್ಳೆಯ ಅಂಗಡಿಯವನು ಡ್ರಾಯರು ಎಳೆದು ಕೊಟ್ಟು ಕಳಿಸುತ್ತಿದ್ದ. ಓರ್ವಿಲ್ ಹೇಳಿದ್ದು: "ಬೇಟೆಮನೆಯಲ್ಲಿ ಏಳು ಜನ ಇದನ್ನೇ ಹಾಕಿಸಿದ್ದಾರೆ. ಕ್ಲೀಟಸ್ ಹಾಕಿಸಿದ. ಕ್ಲೀಟಸ್‌ಗಿಂತ ಹಿಂದೆ ಬೀಳ್ತೀಯಾ ನೀನು?"

ಮದ್ದು ಎಲ್ಲಿಗೆ ಹಚ್ಚಬೇಕೆಂದು ಅವನಿಗೆ ಗೊತ್ತಿತ್ತು. ಬರ್ನಿಯ ಮೂಗಿನ ಹೊಳ್ಳೆ ಅರಳಿತು. "ಹಾಕು" ಅಂದಳು.

ಈ ಆಸರೆಯ ಹುರಿಯನ್ನು ಕಟ್ಟುವುದಕ್ಕೆ ಎರಡು ದಾರಿ. ಒಂದು, ಹುರಿಯ ತುದಿಯನ್ನು ಬಿಲ್ಲಿನ ತೋಳಿಗೆ ಗಂಟು ಹಾಕಿ, ಗಂಟಿನ ಮೇಲೆ ದಾರ ಸುತ್ತಿ, ಒಂದು ಹನಿ ಅಂಟು ಬಿಟ್ಟು ಒಣಗಿಸುವುದು. ಇಪ್ಪತ್ತು ನಿಮಿಷ ಬೇಕು. ಇನ್ನೊಂದು, ಪೆಟ್ಟಿಗೆಯಲ್ಲೇ ಬರುವ ಕ್ಲಿಪ್ಪಿಗೆ ಹುರಿ ಸಿಕ್ಕಿಸಿ ಸ್ಕ್ರೂ ತಿರುಗಿಸುವುದು. ಎರಡು ನಿಮಿಷ. ಕ್ಲಿಪ್ಪು ತಾತ್ಕಾಲಿಕ ಎಂದು ಓರ್ವಿಲ್‌ಗೆ ಅವನ ಅಪ್ಪ ಹೇಳಿಕೊಟ್ಟಿದ್ದ. ಆದರೆ ಆಗಸ್ಟಿನಲ್ಲಿ ಅಂಗಡಿಯ ಸಾಲು ಬಾಗಿಲು ದಾಟಿರುತ್ತದೆ. ಆ ವರ್ಷ ಅವನು ಎಲ್ಲ ಬಿಲ್ಲಿಗೂ ಕ್ಲಿಪ್ಪು ಹಾಕಿದ.

ಮೊದಲ ಮೂರು ವಾರ ಬಾಣಗಳು ಅವಳ ಹಿತ್ತಲಿನ ಹುಲ್ಲಿನ ಪಿಂಡಿಯಲ್ಲಿ ಒಂದರ ಪಕ್ಕ ಒಂದು ನಿಂತವು. ಆಮೇಲೆ ಎಡಕ್ಕೆ ಸರಿಯತೊಡಗಿದವು. ಮೊದಲು ನಾಲ್ಕು ಬೆರಳು, ಆಮೇಲೆ ಒಂದು ಗೇಣು. ಸೆಪ್ಟೆಂಬರಿನ ಕೊನೆಯಲ್ಲಿ, ಬೆಳಗಿನ ಬಸ್ಸು ಬಿಟ್ಟು ನೇರ ಅಂಗಡಿಗೆ ಬಂದಳು. ಓರ್ವಿಲ್ ಒಹಾಯೊದಿಂದ ಬಂದ ಯಾರಿಗೋ ದುಬಾರಿ ಬಿಲ್ಲೊಂದನ್ನು ದಾಟಿಸುವುದರಲ್ಲಿದ್ದ.

"ಬಾಣ ಎಡಕ್ಕೆ ಒದೆಯುತ್ತೆ ಓರ್ವಿಲ್. ಈ ಕವೆ ನೋಡು, ಮೊದಲು ಪೂರ್ತಿ ಮಲಗಿರ್ತಿತ್ತು, ಈಗ ಅರ್ಧ ಎದ್ದ ಹಾಗಿದೆ."

ಓರ್ವಿಲ್ ಗಲ್ಲೆಯ ಹಿಂದಿನಿಂದ ಕತ್ತು ಚಾಚಿದ. ಬಿಲ್ಲು ಮುಟ್ಟಲಿಲ್ಲ. "ಅದು ಹಾಗೇ ಇರೋದು ಬರ್ನಿ. ನಿನ್ನ ಹಿಡಿತ ನೋಡ್ಕೋ. ವಯಸ್ಸಾದ ಮೇಲೆ ಮಣಿಕಟ್ಟು ತಿರುಗುತ್ತೆ. ಬಸ್ಸು ಓಡಿಸಿ ಓಡಿಸಿ ಬಿಲ್ಲನ್ನೂ ಸ್ಟೀರಿಂಗ್ ಥರ ಹಿಡೀತಿದ್ದೀಯೇನೋ."

ಒಹಾಯೊದವನು ನಕ್ಕ. ಗಿರಾಕಿ ನಕ್ಕರೆ ಅರ್ಧ ವ್ಯಾಪಾರ ಆದ ಹಾಗೆ.

ಅವಳು ಆ ಮಾತನ್ನು ನಂಬಿದಳು. ಇದನ್ನು ಬರೆಯುವಾಗಲೂ ನಾಲಿಗೆ ಕಹಿಯಾಗುತ್ತದೆ. ಎರಡು ವಾರ ಪ್ರತಿದಿನ ಸಂಜೆ ಹುಲ್ಲಿನ ಪಿಂಡಿಯ ಮುಂದೆ ನಿಂತು, ಇಲ್ಲದ ತಪ್ಪನ್ನು ತನ್ನ ಕೈಯಲ್ಲಿ ಹುಡುಕಿದಳು. ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡಳು. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆಯಿತು. ಒಂದು ಗೇಣು ಬಲಕ್ಕೆ ಗುರಿಯಿಟ್ಟರೆ ಬಾಣ ನಡುವೆ ಬೀಳುತ್ತದೆ ಎಂದು ಕಂಡುಕೊಂಡು, ಅದನ್ನೇ ರೂಢಿ ಮಾಡಿಕೊಂಡಳು.

ಅಕ್ಟೋಬರಿನ ಎರಡನೇ ಶುಕ್ರವಾರ ಸಂಜೆಯ ಬಸ್ಸು ನಿಲ್ಲಿಸಿ, ಕಂಪನಿಯ ಅಂಗಿಯ ಮೇಲೆಯೇ ಜಾಕೆಟು ಏರಿಸಿ ಓಕ್ ಮರ ಹತ್ತಿದಳು. ಬೆಳಕು ಇನ್ನೂ ಚೆನ್ನಾಗಿತ್ತು. ಎಂಟು ಕವಲಿನ ಕೊಂಬಿನ ಗಂಡು ಜಿಂಕೆ ಅಡಿಗಲ್ಲನ್ನು ದಾಟಿ ಬಂದು, ಸೇಬಿನ ಬುಡದಲ್ಲಿ ಅಡ್ಡಲಾಗಿ ನಿಂತು ಹಣ್ಣು ಜಗಿಯತೊಡಗಿತು. ಅವಳಿಗೆ ಆ ಜಗಿಯುವ ಸದ್ದು ಕೇಳುತ್ತಿತ್ತು. ಹದಿನೆಂಟು ಹೆಜ್ಜೆ. ಒಂದು ಗೇಣು ಬಲಕ್ಕೆ ಹಿಡಿದು ಬಿಟ್ಟಳು.

ಆದರೆ ಕ್ಲಿಪ್ಪು ದಿನ ದಿನಕ್ಕೂ ಜಾರುತ್ತಿತ್ತು. ನಿನ್ನೆಯ ಗೇಣು ಇವತ್ತಿಗೆ ಸಾಲಲಿಲ್ಲ. ಬಾಣ ಜಿಂಕೆಯ ಎದೆಯ ಮುಂದಿನಿಂದ ಹಾದು ಅಡಿಗಲ್ಲಿಗೆ ಬಡಿಯಿತು. ಜಿಂಕೆ ಬಾಲ ಎತ್ತಿ ಬಿಳಿ ತೋರಿಸಿ ಹೋಯಿತು. ಬಾಣದಲ್ಲಿ ರಕ್ತ ಇಲ್ಲ, ಕೂದಲು ಇಲ್ಲ. ಅವಳು ಸುಳ್ಳು ಹೇಳುವವಳಲ್ಲ. ಬೇಟೆಮನೆಗೆ ಬಂದು ಬಾಣವನ್ನು ಮೇಜಿನ ಮೇಲಿಟ್ಟು, "ತಪ್ಪಿತು" ಅಂದಳು.

"ಎಷ್ಟು ದೂರ?" ಕ್ಲೀಟಸ್ ಕೇಳಿದ. ಗೊತ್ತಿದ್ದೇ ಕೇಳಿದ.

"ಹದಿನೆಂಟು."

"ಅಯ್ಯೋ ದೇವರೇ. ಹದಿನೆಂಟಕ್ಕೆ ನನ್ನ ಹೆಂಡತಿ ಚಪ್ಪಲಿ ಎಸೆದೇ ಹೊಡೀತಾಳಲ್ಲೇ!"

ಎಲ್ಲರೂ ನಕ್ಕರು. ಕತ್ತರಿ ಹಿಡಿದು ಬಂದವನು ಓರ್ವಿಲ್, ಬೇಟೆಮನೆಯಲ್ಲಿ ಅವನಿಗೂ ಒಂದು ಪಾಲಿದೆ. ಹೆದೆ ಕತ್ತರಿಸುವ ಕತ್ತರಿ ಅವನ ಜೇಬಿನಲ್ಲೇ ಇರುತ್ತದಾದ್ದರಿಂದ ಆ ಕೆಲಸ ಯಾವಾಗಲೂ ಅವನದೇ. ಬಸ್ ಕಂಪನಿಯ ನೀಲಿ ಅಂಗಿಯ ತುದಿಯನ್ನು ಅಗಲವಾಗಿ ಕತ್ತರಿಸಿ, ಕಪ್ಪು ಪೆನ್ನಿನಲ್ಲಿ "ಬರ್ನಿ ಕುಬಾಸ್ಕೋ, ಹದಿನೆಂಟು ಹೆಜ್ಜೆ" ಎಂದು ಬರೆದು ಮೊಳೆ ಹೊಡೆದ. ಟ್ರಾಯ್ ಒಲೆಯ ಪಕ್ಕ ಕೂತು, ಆಗಲೇ ಸೇಬಿನ ಹಣ್ಣು ತಿಂದವನ ಹಾಗೆ ತುಟಿ ಒರೆಸಿಕೊಂಡ.

ಸೋಮವಾರ ಅದೇ ಅಂಗಿಯಲ್ಲಿ ಬಸ್ಸು ಓಡಿಸಿದಳು. ತೊಳೆದಿಟ್ಟದ್ದು ಬೇರೆ ಇತ್ತು, ಬೇಕೆಂದೇ ಹಾಕಿಕೊಳ್ಳಲಿಲ್ಲ. ಎರಡು ದಿನ ಸಿಟ್ಟು ತನ್ನ ಮೇಲೆಯೇ ಇತ್ತು. ಬುಧವಾರ ಬೆಳಿಗ್ಗೆ, ಖಾಲಿ ಬಸ್ಸಿನಲ್ಲಿ ಕೂತು ಕಾಫಿ ಕುಡಿಯುತ್ತಾ, ತಪ್ಪಿದ ಬಾಣವನ್ನು ಸುಮ್ಮನೆ ಬೆರಳಲ್ಲಿ ತಿರುಗಿಸಿದಳು. ಒಂದು ಗರಿಯ ಅಂಚು ತೇದುಹೋಗಿತ್ತು. ಕಲ್ಲಿಗೆ ಬಡಿದದ್ದು ಬಾಣದ ಮೊನೆ, ಗರಿಯಲ್ಲ. ಹಾಗಾದರೆ ಗರಿ ತೇದದ್ದು ಎಲ್ಲಿ?

ಬಸ್ಸಿನಲ್ಲಿ ಮಕ್ಕಳು ಮರೆತು ಹೋದ ವಸ್ತುಗಳ ಡಬ್ಬ ಇರುತ್ತದೆ. ಒಂಟಿ ಕೈಗವಸು, ಹಲ್ಲಿನ ತಂತಿ, ಬಾಚಣಿಗೆ. ಅದರ ತಳದಿಂದ ಒಂದು ಲಿಪ್‌ಸ್ಟಿಕ್ ಹುಡುಕಿ ತೆಗೆದಳು. ಕಡು ಕೆಂಪು, ಮಿಂಚಿನ ಪುಡಿ ಬೇರೆ.

ಅಂಗಡಿಯಲ್ಲಿ ಓರ್ವಿಲ್ ಒಬ್ಬನೇ ಇದ್ದ. ಅವಳು ಬಾಗಿಲು ಮುಚ್ಚಿದ್ದಕ್ಕೆ ಗಾಜು ನಡುಗಿತು.

"ಏನು ಬರ್ನಿ, ಲಿಪ್‌ಸ್ಟಿಕ್ಕು? ಯಾರು ಆ ಅದೃಷ್ಟವಂತ?"

"ನೀನೇ." ಬಿಲ್ಲನ್ನು ಗಲ್ಲೆಯ ಮೇಲೆ ಇಟ್ಟು, ಕವೆಯ ಎರಡು ಕೊಂಬಿಗೂ ದಪ್ಪಗೆ ಬಳಿದಳು. "ಹಿತ್ತಲಿಗೆ ನಡಿ. ಹೊಡಿ."

"ನಾನಾ? ನಿನ್ನ ಬಿಲ್ಲಿಗೆ ನನ್ನ ಕೈ ಯಾಕೆ?"

"ನನ್ನ ಕೈ ಮಣಿಕಟ್ಟು ತಿರುಗಿದ ಕೈ. ಸ್ಟೀರಿಂಗ್ ಹಿಡಿಯೋ ಕೈ. ನಿನ್ನದು ಒಳ್ಳೇದಲ್ವಾ? ಹೊಡಿ ಅಂದೆ!"

ಅಂಗಡಿಯ ಹಿಂದೆ ಗುರಿ ನೋಡುವ ಓಣಿಯಿದೆ, ಹತ್ತು ಹೆಜ್ಜೆಯದು. ಓರ್ವಿಲ್ ಎಳೆದು ಬಿಟ್ಟ. ಬಾಣ ಬಾಲ ಬಡಿದುಕೊಂಡು ಎಡಕ್ಕೆ ಹೋಯಿತು. ಅವಳು ನಡೆದು ಹೋಗಿ ಅದನ್ನು ಕಿತ್ತು ತಂದು ಅವನ ಮೂಗಿನ ಕೆಳಗೆ ಹಿಡಿದಳು. ಬಿಳಿ ಗರಿಯ ಮೇಲೆ ಕೆಂಪು ಗೀರು, ಮಿಂಚಿನ ಪುಡಿ ಸಮೇತ.

"ಇದು ಯಾರ ಹಿಡಿತ?"

ಓರ್ವಿಲ್ ಆಗ ಮೊದಲ ಸಲ ಬಿಲ್ಲನ್ನು ನೋಡಿದ. ಕ್ಲಿಪ್ಪಿನೊಳಗೆ ಹುರಿ ಒಂದು ಬೆರಳಿನಷ್ಟು ಜಾರಿತ್ತು. ಸಡಿಲ ಹುರಿ ಕವೆಯನ್ನು ಪೂರ್ತಿ ಎಳೆಯುತ್ತಿರಲಿಲ್ಲ. ಕವೆ ಅರ್ಧಕ್ಕೇ ನಿಂತು, ಹಾದುಹೋಗುವ ಗರಿಗೆ ಹೊಡೆಯುತ್ತಿತ್ತು.

"ಹುರಿ... ಒಂಚೂರು..."

"ಒಂಚೂರು! ನಾನು ಸೆಪ್ಟೆಂಬರಲ್ಲಿ ಬಂದು ಹೇಳಿದೆ. ಕವೆ ಎದ್ದಿದೆ ಅಂದೆ. ಬಾಣ ಒದೆಯುತ್ತೆ ಅಂದೆ. ಎರಡು ಹೆಜ್ಜೆ ಈಚೆ ಬಂದು ಬೆರಳಲ್ಲಿ ಮುಟ್ಟಿದ್ರೆ ಗೊತ್ತಾಗ್ತಿತ್ತು ನಿಂಗೆ. ಮುಟ್ಟಿದ್ಯಾ? ಇಲ್ಲ. ಜೋಕು ಹೊಡೆದೆ. ಗುರುತಿಲ್ಲದ ಮನುಷ್ಯನ ಮುಂದೆ ನನ್ನನ್ನ ಮುದುಕಿ ಮಾಡಿದೆ. ನಾನು ಎರಡು ವಾರ ನನ್ನ ಕೈಗೆ ಬೈದುಕೊಂಡೆ ಕಣೋ! ನೋಡು ಈ ಕೈ!" ಹೆಬ್ಬೆರಳ ಬುಡ ಇನ್ನೂ ಕೆಂಪಗಿತ್ತು. "ಆಮೇಲೆ ಅದೇ ಮುಖ ಹೊತ್ತುಕೊಂಡು ಕತ್ತರಿ ಹಿಡ್ಕೊಂಡು ಬಂದೆ!"

"ತಪ್ಪಾಯ್ತು ಬರ್ನಿ."

"ಇಲ್ಲಿ ಹೇಳ್ಬೇಡ. ಇಲ್ಲಿ ಯಾರಿದ್ದಾರೆ, ಬೂಟುಗಳಾ? ಭಾನುವಾರ ಅಲ್ಲಿ ಹೇಳು. ಟ್ರಾಯ್ ಬಾಯಿ ಬಿಡೋದಕ್ಕೆ ಮೊದಲು ಹೇಳು."

"ಹೇಳ್ತೀನಿ."

ಅವಳು ಗಲ್ಲೆಯ ಹಿಂದೆ ಬಂದು ತಾನೇ ಡ್ರಾಯರು ಎಳೆದಳು. ಬಿರುಸು ಕೂದಲಿನ ಬಳೆಗಳು ಎರಡೂ ಅಲ್ಲೇ ಇದ್ದವು. ಅವನ್ನು ನೋಡಿದಳು, ಓರ್ವಿಲ್‌ನನ್ನು ನೋಡಿದಳು. ಒಂದನ್ನು ಜೇಬಿಗೆ ಹಾಕಿಕೊಂಡು ಹೋದಳು. ಆ ನೋಟ ಹೇಗಿತ್ತೆಂದು ಬಣ್ಣಿಸುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಬೇಟೆ ಇಲ್ಲ. ಮಧ್ಯಾಹ್ನ ಎಲ್ಲರೂ ಬೇಟೆಮನೆಯಲ್ಲಿ ಸೇರಿದರು, ಬಿಲ್ಲುಗಳು ಬಾಗಿಲ ಪಕ್ಕದ ಗೂಟಗಳಲ್ಲಿ ಸಾಲಾಗಿ ತೂಗುತ್ತಿದ್ದವು. ಜಿಂಕೆ ಮಾಂಸದ ಸಾಸೇಜು ಬಾಣಲೆಯಲ್ಲಿ ಚಿಟಪಟ ಅನ್ನುತ್ತಿತ್ತು. ಬರ್ನಿ ಹಲುಷ್ಕಿ ತಂದಿರಲಿಲ್ಲ. ಅದನ್ನು ಎಲ್ಲರೂ ಗಮನಿಸಿದರು.

ಕ್ಲೀಟಸ್ ಮೇಜು ತಟ್ಟಿದ. "ಈ ವರ್ಷ ಬಯಲಿಗೆ ಬಿದ್ದಿರೋದು ಒಂದೇ ಜಾಗ, ಸೇಬಿನ ಮರ. ಯಾರಿಗೆ..."

"ಒಂದು ನಿಮಿಷ." ಬರ್ನಿ ಎದ್ದು ಕೆಂಪು ಗರಿಯ ಬಾಣವನ್ನು ಮೇಜಿನ ನಡುವೆ ಎಸೆದಳು. ಆದದ್ದನ್ನು ಹೇಳಿದಳು, ಆಗಸ್ಟಿನಿಂದ ಬುಧವಾರದ ತನಕ, ಒಂದು ಮಾತೂ ಹೆಚ್ಚಿಲ್ಲ ಕಡಿಮೆಯಿಲ್ಲ.

ಕ್ಲೀಟಸ್ ಬಾಣ ತಿರುಗಿಸಿ ನೋಡಿದ. "ಬಣ್ಣ ಚೆನ್ನಾಗಿದೆ. ಆದರೆ ಬರ್ನಿ, ಲಿಪ್‌ಸ್ಟಿಕ್ಕು ಗರಿಗೆ ಯಾರು ಬೇಕಾದರೂ ಹಚ್ಚಬಹುದು. ಮತ್ತೆ ಬಿಲ್ಲು ಹಿಡಿದವರೇ ಬಿಲ್ಲಿಗೆ ಹೊಣೆ. ನಿಮ್ಮಪ್ಪ ಇದ್ದಿದ್ರೂ ಇದನ್ನೇ ಹೇಳ್ತಿದ್ದ."

"ನಮ್ಮಪ್ಪನ ಹೆಸರು ನಿನ್ನ ಬಾಯಲ್ಲಿ ಬೇಡ. ಬಾಣ ಹೊಡೆದವನು ಅಲ್ಲಿ ಕೂತಿದ್ದಾನೆ, ಕೇಳು."

ಹತ್ತು ತಲೆಗಳು ಓರ್ವಿಲ್ ಕಡೆ ತಿರುಗಿದವು. ಅವುಗಳಲ್ಲಿ ಏಳು ಅದೇ ಆಸರೆಯನ್ನು ಅದೇ ಕ್ಲಿಪ್ಪಿನೊಡನೆ ಅವನಿಂದ ಕೊಂಡ ತಲೆಗಳು. ಅವನು ಬಾಯಿಬಿಟ್ಟರೆ ನಾಳೆ ಬೆಳಿಗ್ಗೆ ಏಳೂ ಬಿಲ್ಲು ಅಂಗಡಿಯ ಬಾಗಿಲಲ್ಲಿ, ನಾಡಿದ್ದು ಆ ಸುದ್ದಿ ಇಡೀ ಜಿಲ್ಲೆಯಲ್ಲಿ. ವ್ಯಾಪಾರಿಯ ತಲೆ ಇಷ್ಟನ್ನೂ ಒಂದು ಉಸಿರಿನಲ್ಲಿ ಲೆಕ್ಕ ಹಾಕಿತು.

"ಹುರಿ ಒಂದು ಸ್ವಲ್ಪ ಸಡಿಲ ಇತ್ತು ಅನ್ನಿಸುತ್ತೆ," ಓರ್ವಿಲ್ ಅಂದ. "ಯಾವಾಗ ಸಡಿಲ ಆಯ್ತೋ ಹೇಳೋದು ಕಷ್ಟ."

ಬರ್ನಿ ಅವನನ್ನು ನೋಡಲೂ ಇಲ್ಲ.

"ಅನ್ನಿಸುತ್ತೆ ಅಂದ್ರೆ ಬಟ್ಟೆ ಇಳಿಯಲ್ಲ," ಕ್ಲೀಟಸ್ ಅಂದ. "ಸೇಬಿನ ಮರ ಯಾರಿಗೆ?"

"ನನಗೆ," ಟ್ರಾಯ್ ಅಂದ. ಅಷ್ಟು ಬೇಗ ಅವನು ಇಗರ್ಜಿಯಲ್ಲಿ ಆಮೆನ್ ಅಂದದ್ದೂ ಇಲ್ಲ.

ಕ್ಲೀಟಸ್ ಬರೆದುಕೊಂಡ. ಆಮೇಲೆ ಆದದ್ದನ್ನು ಆ ಕೋಣೆಯಲ್ಲಿದ್ದವರು ಯಾರೂ ಮರೆಯುವುದಿಲ್ಲ. ಬರ್ನಿ ಬಾಗಿಲ ಕಡೆ ನಡೆದಳು. ಹೊರಟುಹೋಗುತ್ತಾಳೆ ಎಂದುಕೊಂಡರು. ಅವಳು ಗೂಟದಿಂದ ಮೊದಲ ಬಿಲ್ಲನ್ನು ಎತ್ತಿದಳು.

"ಈ ಕವೆ ಮಲಗಿದೆ. ಸರಿ." ತೂಗುಹಾಕಿದಳು. ಎರಡನೆಯದು. "ಇದೂ ಸರಿ." ಮೂರನೆಯದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. "ಇದು ಯಾರದು? ಅರ್ಧ ಎದ್ದಿದೆ ನೋಡು. ಹುರಿ ಜೋತು ಬಿದ್ದಿದೆ." ನಾಲ್ಕನೆಯದು ಸರಿ. ಐದನೆಯದು. "ಇದೂ ಎದ್ದಿದೆ." ಆರನೆಯದನ್ನು ಎತ್ತಿಕೊಂಡು ಮೇಜಿನ ಹತ್ತಿರ ಬಂದು, ಸಾಸೇಜಿನ ತಟ್ಟೆಯನ್ನು ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿ, ಕ್ಲೀಟಸ್‌ನ ಮುಂದೆ ಇಟ್ಟಳು.

"ಇದು ನಿಂದು, ಯಜಮಾನ. ಮುಟ್ಟಿ ನೋಡು. ಇದಕ್ಕೂ ನಾನೇ ಲಿಪ್‌ಸ್ಟಿಕ್ ಹಚ್ಚಿದ್ದೀನಾ?"

ಕ್ಲೀಟಸ್ ಬೆರಳಲ್ಲಿ ಕವೆಯನ್ನು ಒತ್ತಿದ. ಅದು ಕೆಳಗೆ ಹೋಗಿ, ಮತ್ತೆ ಮೆಲ್ಲಗೆ ಎದ್ದು ನಿಂತಿತು.

"ಅದಕ್ಕೇ..." ಅವನ ಬಾಯಿಂದ ಬಂತು. "ಬಾಣ ಎಡಕ್ಕೆ ಹೋಗ್ತಿತ್ತು. ನಾನು ಕಣ್ಣು ಹೋಯ್ತು ಅಂದ್ಕೊಂಡು ಎರಡು ಸಲ ಕನ್ನಡಕ ಬದಲಾಯಿಸಿದೆ!"

ಕೋಣೆಯಲ್ಲಿ ಕುರ್ಚಿಗಳು ಹಿಂದೆ ಸರಿದ ಸದ್ದು. ಏಳೂ ಜನ ತಮ್ಮ ತಮ್ಮ ಬಿಲ್ಲಿಗೆ ನುಗ್ಗಿದರು. ಹುರಿ ಎಳೆದು ನೋಡಿದರು, ಸ್ಕ್ರೂ ತಿರುಗಿಸಿದರು, ಓರ್ವಿಲ್‌ನ ಅಮ್ಮನಿಂದ ಹಿಡಿದು ಅಜ್ಜನ ತನಕ ಎಲ್ಲರನ್ನೂ ನೆನೆದರು. ಆಗ ಓರ್ವಿಲ್ ಎಲ್ಲವನ್ನೂ ಒಪ್ಪಿಕೊಂಡ. ಕ್ಲಿಪ್ಪು, ಎರಡು ನಿಮಿಷ, ಸೆಪ್ಟೆಂಬರು, ಒಹಾಯೊದವನ ನಗು. ಆ ಗಲಾಟೆಯಲ್ಲಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಕೇಳಿಸಬೇಕಾದ ಹೊತ್ತು ಕಾಲು ಗಂಟೆ ಹಿಂದೆಯೇ ಮುಗಿದಿತ್ತು.

"ಹಾಗಾದ್ರೆ ಸೇಬಿನ ಮರ?" ಬರ್ನಿ ಕೇಳಿದಳು.

ಗಲಾಟೆ ನಿಂತಿತು. ಕ್ಲೀಟಸ್ ತನ್ನ ಪುಸ್ತಕ ನೋಡಿದ. "ಕೇಳಿ ಬರೆದದ್ದಾಗಿದೆ ಬರ್ನಿ. ಬರೆದದ್ದನ್ನ ಅಳಿಸಿದ್ದು ಇಲ್ಲಿ ಯಾವತ್ತೂ ಇಲ್ಲ. ಟ್ರಾಯ್ ತಾನಾಗಿ ಬಿಟ್ಟುಕೊಟ್ರೆ..."

ಟ್ರಾಯ್ ತನ್ನ ಬೂಟಿನ ಲೇಸು ನೋಡುತ್ತಿದ್ದ. ಅದು ಸರಿಯಾಗಿಯೇ ಕಟ್ಟಿತ್ತು.

ತಂತಮ್ಮ ಕವೆಗಳನ್ನು ಹಿಡಿದುಕೊಂಡು ನಿಂತಿದ್ದ ಗಂಡಸರು, ಅವಳಿಂದ ಈಗಷ್ಟೇ ತಮ್ಮ ಅಂಗಿ ಉಳಿಸಿಕೊಂಡವರು, ಒಬ್ಬನಾದರೂ "ಮರ ಅವಳದು" ಅನ್ನಲಿಲ್ಲ. ಓರ್ವಿಲ್ ಅಂದದ್ದು ಇಷ್ಟು: "ನನ್ನ ಅಟ್ಟಣೆ ತಗೋ ಬರ್ನಿ. ಹಳ್ಳದ ಪಕ್ಕದ್ದು."

"ನಿನ್ನದು ಯಾರಿಗೆ ಬೇಕೋ? ಅಲ್ಲಿಂದ ಎರಡೂ ಕಡೆ ಕಾಣುತ್ತೆ, ಯಾವ ಕಡೆಗೂ ಬಾಣ ಹೋಗಲ್ಲ. ನಿನಗೇ ಸರಿ." ಅವಳು ಕೈ ಚಾಚಿದಳು. "ಕತ್ತರಿ ಕೊಡು."

ಕೊಟ್ಟ.

"ತಿರುಗು."

ತಿರುಗಿದ. ಅವಳು ಸೊಂಟದ ಪಟ್ಟಿಯಿಂದ ಅಂಗಿಯನ್ನು ಎಳೆದು, ತುದಿಯಲ್ಲ, ಬೆನ್ನಿನ ಅರ್ಧದ ತನಕ ಕತ್ತರಿಸಿದಳು. ತಣ್ಣನೆಯ ಗಾಳಿ ಬೆನ್ನಿಗೆ ಬಡಿಯಿತು. ಅದೇ ಕಪ್ಪು ಪೆನ್ನಿನಲ್ಲಿ ಅವಳು ಬಟ್ಟೆಯ ಮೇಲೆ ಬರೆದಳು: "ಓರ್ವಿಲ್, ಎರಡು ಹೆಜ್ಜೆ." ಗಲ್ಲೆಯಿಂದ ಈಚೆ ಬರಬೇಕಾಗಿದ್ದದ್ದು ಅಷ್ಟೇ. ತನ್ನ ನೀಲಿ ಬಟ್ಟೆಯನ್ನು ಕೀಳಲಿಲ್ಲ; ಅದರ ಮೇಲೆಯೇ ಇದನ್ನು ಇಟ್ಟು ನಾಲ್ಕು ಮೊಳೆ ಹೊಡೆದಳು. ಒಂದೊಂದು ಹೊಡೆತಕ್ಕೂ ಒಲೆಯ ಮೇಲಿನ ಪಾತ್ರೆಗಳು ಕುಣಿದವು.

ಹೊರಡುವಾಗ ಕ್ಲೀಟಸ್ ಮೆತ್ತಗೆ ಕೇಳಿದ. "ಬರ್ನಿ, ನೀನು ಗಂಟು ಚೆನ್ನಾಗಿ ಹಾಕ್ತೀಯಲ್ಲ. ಈ ಹುರಿ ಒಂದು ಕಟ್ಟಿಕೊಟ್ಟು..."

"ನಿನ್ನ ಅಳಿಯನ ಕೈಲಿ ಕಟ್ಟಿಸ್ಕೋ. ಅವನಿಗೆ ಲೇಸು ಕಟ್ಟೋದು ಚೆನ್ನಾಗಿ ಬರುತ್ತೆ."

ಇದಾಗಿ ಏಳು ವರ್ಷ. ಬರ್ನಿಗೆ ಉಳಿದದ್ದು ಟ್ರಾಯ್ ಬಿಟ್ಟುಬಂದ ಜಾಗ, ಕರೆಂಟು ಕಂಬಗಳ ಸಾಲಿನ ಕೆಳಗಿನದು. ಅಲ್ಲಿ ಗಾಳಿ ನಾಲ್ಕು ದಿಕ್ಕಿನಿಂದ ಬೀಸುತ್ತದೆ, ತಂತಿ ಗುಂಯ್ಗುಡುತ್ತದೆ. ಬಿರುಸು ಕೂದಲಿನ ಬಳೆ ಹಾಕಿದ ಬಿಲ್ಲಿನಲ್ಲಿ ಅಲ್ಲಿಂದಲೇ ಮೂರು ಜಿಂಕೆ ಹೊಡೆದಿದ್ದಾಳೆ. ಸೇಬಿನ ಮರದಿಂದ ಟ್ರಾಯ್ ಹೊಡೆದದ್ದು ಒಂದು. ಅವಳು ಈಗಲೂ ಅಂಗಡಿಗೆ ಬರುತ್ತಾಳೆ, ಯಾಕೆಂದರೆ ಬಾಣ ಸಿಗುವುದು ಇಲ್ಲಿ ಮಾತ್ರ. ಬೇಕಾದದ್ದನ್ನು ಕೈಯಿಂದ ತೋರಿಸುತ್ತಾಳೆ. ಏಳು ವರ್ಷದಲ್ಲಿ ನನ್ನ ಜೊತೆ ಆಡಿದ ಮಾತು ಎರಡೇ: "ಅದು" ಮತ್ತು "ಅದಲ್ಲ." ಸಿಟ್ಟು ಒಂದು ತೊಲವೂ ಕಡಿಮೆಯಾಗಿಲ್ಲ. ಆಗಬೇಕೆಂದು ಕೇಳುವ ಮುಖ ನನಗಿಲ್ಲ. ಈಗ ಎಲ್ಲ ಬಿಲ್ಲಿಗೂ ಹುರಿಯನ್ನು ಗಂಟು ಹಾಕಿ, ದಾರ ಸುತ್ತಿ, ಅಂಟು ಬಿಟ್ಟು ಕೊಡುತ್ತೇನೆ. ಯಾರಾದರೂ ಬಂದು ಬಾಣ ಒದೆಯುತ್ತದೆ ಅಂದರೆ ಗಲ್ಲೆಯಿಂದ ಈಚೆ ಬರುತ್ತೇನೆ.

ಬರ್ನಡೀನ್ ಕುಬಾಸ್ಕೋಗೆ ನಾನು ಒಂದು ಸೇಬಿನ ಮರ ಕೊಡಬೇಕು.